ಗೋಳಿ ಮರದ ಬಾವಲಿಗಳಿಂದ ಮಲೇರಿಯಾ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬಂಟ್ವಾಳ ತಾಲ್ಲೂಕಿನಲ್ಲಿ ಸಣ್ಣ ಅಡಿಕೆ ತೋಟ. ಮನೆ ಹಿಂದೆ ಹಳೇ ಗೋಳಿ ಮರ ಇದೆ. ಅದರಲ್ಲಿ ನೂರಾರು ದೊಡ್ಡ ಬಾವಲಿಗಳು ಹಗಲಿಡೀ ನೇತಾಡುತ್ತವೆ. ನಮ್ಮ ಯಜಮಾನರು ಮಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಅವರಿಗೆ ಮಲೇರಿಯಾ ಬಂತು. ವೈವಾಕ್ಸ್ ಅಂದರು. ಮಾತ್ರೆ ತಿಂದು ಮೂರ್ನಾಲ್ಕು ದಿನದಲ್ಲಿ ಹುಷಾರಾದರು. ಆಮೇಲೆ ಮಂಗಳೂರಿಗೆ ಹೋಗದೆ ತೋಟ ನೋಡಿಕೊಂಡು ಮನೆಯಲ್ಲೇ ಇದ್ದರು. ಆದರೂ ಎರಡು ತಿಂಗಳು ಕಳೆದ ಮೇಲೆ ಮತ್ತೆ ಅದೇ ಚಳಿಜ್ವರ. ಎಂಎಸ್‌ಸಿ ಓದುತ್ತಿರುವ ಮಗಳು, ಬಾವಲಿಗಳ ರಕ್ತದಲ್ಲಿ ಮಲೇರಿಯಾ ಜಾತಿಯ ಪರಾವಲಂಬಿಗಳು ಇರುವುದು ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿದೆ ಎಂದಳು. ಅದನ್ನು ಕೇಳಿದ ಮೇಲೆ ಅಕ್ಕಪಕ್ಕದವರು ಮರ ಕಡಿಸಿ ಅನ್ನುತ್ತಿದ್ದಾರೆ. ಬಾವಲಿಗೆ ಕಚ್ಚಿದ ಸೊಳ್ಳೆ ನಮಗೆ ಕಚ್ಚಿದರೆ ಮಲೇರಿಯಾ ಬರುತ್ತಾ? ಮರ ಕಡಿಸಬೇಕಾ? ನಮ್ಮ ಮರದ ಬಾವಲಿಗಳ ರಕ್ತ ಪರೀಕ್ಷೆ ಮಾಡಿಸಬಹುದಾ? (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ನಿಮ್ಮ ಯಜಮಾನರ ಮಲೇರಿಯಾ ಆ ಮರದಿಂದ ಬಂದದ್ದಲ್ಲ. ಮರ ಕಡಿಸಬೇಡಿ. ಮಗಳು ಹೇಳಿದ್ದು ಮಾತ್ರ ಸುಳ್ಳಲ್ಲ, ಬಾವಲಿಗಳ ರಕ್ತದಲ್ಲಿ ಮಲೇರಿಯಾದ ಹತ್ತಿರದ ಸಂಬಂಧಿಗಳು ನಿಜವಾಗಿಯೂ ಇವೆ. ಈ ಎರಡೂ ಮಾತು ಒಟ್ಟಿಗೆ ಹೇಗೆ ಸರಿ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಅದಕ್ಕೂ ಮೊದಲು ಯಜಮಾನರ ಎರಡನೇ ಜ್ವರದ ಬಗ್ಗೆ ಮಾತಾಡೋಣ. ನಿಮ್ಮ ಪತ್ರದಲ್ಲಿ ನನಗೆ ಚಿಂತೆಯಾದದ್ದು ಅದೊಂದೇ.

ನಾನು ಪಶುವೈದ್ಯ. ಪ್ರಾಣಿಗಳ ರಕ್ತದಲ್ಲಿರುವ ಪರಾವಲಂಬಿಗಳನ್ನು ನೋಡುವುದೇ ನನ್ನ ಕೆಲಸ. ಮನುಷ್ಯರ ಚಿಕಿತ್ಸೆಯಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ. ಆದರೆ ಮಲೇರಿಯಾ ತರುವ ಪರಾವಲಂಬಿಗಳಲ್ಲಿ ಒಂದಾದ ವೈವಾಕ್ಸ್ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಅದು ರಕ್ತದಲ್ಲಿ ಮಾತ್ರ ಇರುವುದಿಲ್ಲ. ಅದರ ಒಂದು ಪಾಲು ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿಬಿಡುತ್ತದೆ. ರಕ್ತದಲ್ಲಿರುವುದನ್ನು ಕ್ಲೋರೋಕ್ವಿನ್ ಕೊಲ್ಲುತ್ತದೆ, ಜ್ವರ ಇಳಿಯುತ್ತದೆ, ಮನುಷ್ಯ ಎದ್ದು ಓಡಾಡುತ್ತಾನೆ. ಯಕೃತ್ತಿನಲ್ಲಿ ಮಲಗಿದ್ದಕ್ಕೆ ಆ ಮಾತ್ರೆ ತಾಗುವುದೇ ಇಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ಎದ್ದು ಮತ್ತೆ ರಕ್ತಕ್ಕೆ ಇಳಿಯುತ್ತದೆ. ಇದಕ್ಕೆ ಹೊಸ ಸೊಳ್ಳೆ ಕಚ್ಚಬೇಕಾಗಿಲ್ಲ. ಮಲಗಿದ್ದನ್ನು ಕೊಲ್ಲಲು ಕೊಡುವ ಮಾತ್ರೆ ಪ್ರೈಮಾಕ್ವಿನ್. ನಮ್ಮ ದೇಶದಲ್ಲಿ ಅದನ್ನು 14 ದಿನ ತೆಗೆದುಕೊಳ್ಳಬೇಕು. ನಾಲ್ಕನೇ ದಿನ ಜ್ವರ ಹೋಯಿತೆಂದು ಉಳಿದ ಮಾತ್ರೆಯನ್ನು ಡಬ್ಬಿಯಲ್ಲೇ ಬಿಡುವವರು ಜಾಸ್ತಿ.

ಯಜಮಾನರು 14 ದಿನವೂ ತೆಗೆದುಕೊಂಡಿದ್ದರಾ, ಕೇಳಿ ನೋಡಿ. ಇಲ್ಲವಾದರೆ ಎರಡನೇ ಜ್ವರಕ್ಕೆ ಬಾವಲಿಯನ್ನು ಹುಡುಕುವ ಅಗತ್ಯವಿಲ್ಲ. ಆದರೆ ಡಬ್ಬಿಯಲ್ಲಿ ಉಳಿದದ್ದನ್ನು ಈಗ ನೀವೇ ಕೊಡಬೇಡಿ. ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಅದನ್ನು ಕೊಡುವುದಿಲ್ಲ. ಡಾಕ್ಟರಿಗೆ ಎರಡೂ ಜ್ವರದ ವಿಷಯ ಹೇಳಿ, ಹಳೇ ಚೀಟಿ ತೋರಿಸಿ. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.

ಮೊದಲನೇ ಜ್ವರ ಎಲ್ಲಿಂದ ಬಂತು ಅನ್ನುವುದಕ್ಕೂ ನಿಮ್ಮ ಪತ್ರದಲ್ಲೇ ಸುಳಿವಿದೆ. ಮಂಗಳೂರಿನ ಮಲೇರಿಯಾವನ್ನು ಮುಖ್ಯವಾಗಿ ಹರಡುವುದು ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆ. ಅದು ಮೊಟ್ಟೆ ಇಡುವುದು ತಾರಸಿಯ ಟ್ಯಾಂಕಿನಲ್ಲಿ, ಬಾವಿಯಲ್ಲಿ, ಕಟ್ಟಡ ಕೆಲಸದ ಜಾಗದಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ. ಹಾಗಾಗಿಯೇ ಅಲ್ಲಿ ಕಟ್ಟಡ ಕಾರ್ಮಿಕರಿಗೆ ಮಲೇರಿಯಾ ಹೆಚ್ಚು. ಅಲ್ಲಿನ ಸೊಳ್ಳೆ ಇನ್ನೊಬ್ಬ ಮನುಷ್ಯನ ರಕ್ತದಿಂದ ವೈವಾಕ್ಸ್ ತಂದು ಯಜಮಾನರಿಗೆ ಕೊಟ್ಟಿರಬೇಕು. ವೈವಾಕ್ಸ್ ಮನುಷ್ಯನಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ ಸುತ್ತುವ ಪರಾವಲಂಬಿ. ಆ ಸುತ್ತಿನಲ್ಲಿ ಬಾವಲಿ ಇಲ್ಲ.

ಈಗ ಮಗಳು ಹೇಳಿದ್ದಕ್ಕೆ ಬರೋಣ. ಬಾವಲಿಯ ರಕ್ತದಲ್ಲಿ ಮಲೇರಿಯಾದಂಥ ಜೀವಿ ಇದೆ ಅನ್ನುವುದು ಹೊಸ ಸುದ್ದಿಯಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಬೆಳೆಯುವುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಟಲಿಯಲ್ಲಿ ಡಿಯೋನಿಸಿ ಎಂಬ ವಿಜ್ಞಾನಿ ಬಾವಲಿಗಳ ರಕ್ತದಲ್ಲಿ ಇಂಥ ಜೀವಿಗಳನ್ನು ನೋಡಿದ್ದರು. ಆಮೇಲೆ ನೂರು ವರ್ಷ ಈ ಕೆಲಸ ಬಹುಪಾಲು ಸೂಕ್ಷ್ಮದರ್ಶಕದಲ್ಲೇ ನಡೆಯಿತು. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಸವರಿ, ಜೀಮ್ಸಾ ಬಣ್ಣ ಹಾಕಿ, ಕೆಂಪು ಕಣದ ಒಳಗೆ ಏನಿದೆ ಎಂದು ಕಣ್ಣಿಟ್ಟು ನೋಡುವುದು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಮನುಷ್ಯರ ಮಲೇರಿಯಾ ಹುಡುಕುವುದೂ ಇದೇ ರೀತಿ. ಇದರಲ್ಲೊಂದು ತೊಡಕಿದೆ. ಪರಾವಲಂಬಿಗಳು ಕಡಿಮೆ ಇದ್ದರೆ ಕಣ್ಣಿಗೆ ಬೀಳುವುದಿಲ್ಲ. ಎರಡು ಬೇರೆ ಜಾತಿಗಳು ನೋಡಲು ಒಂದೇ ಥರ ಇದ್ದರೆ ಬೇರ್ಪಡಿಸುವುದೂ ಕಷ್ಟ.

ಜೀನ್ ಪರೀಕ್ಷೆ ಬಂದ ಮೇಲೆ ಚಿತ್ರ ಬದಲಾಯಿತು. ಬಾವಲಿಯನ್ನು ತೆಳು ಬಲೆಯಲ್ಲಿ ಹಿಡಿಯುತ್ತಾರೆ. ರೆಕ್ಕೆಯ ರಕ್ತನಾಳದಿಂದ ಒಂದೆರಡು ಹನಿ ರಕ್ತ ತೆಗೆದು ಬಿಟ್ಟುಬಿಡುತ್ತಾರೆ. ಆ ಹನಿಯಿಂದ ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರದಲ್ಲಿ ಪರಾವಲಂಬಿಯ ಒಂದು ಜೀನಿನ ತುಣುಕನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ, ಅದರ ಅಕ್ಷರಗಳನ್ನು ಓದುತ್ತಾರೆ. ಹೆಚ್ಚಾಗಿ ಬಳಸುವುದು ಸೈಟೊಕ್ರೋಮ್ ಬಿ ಎಂಬ ಜೀನ್. ಅದು ಪರಾವಲಂಬಿಯ ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದಲ್ಲಿದೆ. ಆ ಮೈಟೊಕಾಂಡ್ರಿಯಾದ ಡಿಎನ್‌ಎ ಒಟ್ಟು ಸುಮಾರು 6,000 ಅಕ್ಷರಗಳಷ್ಟೇ, ಒಂದೊಂದು ಜೀವಕೋಶದಲ್ಲೂ ಅದರ ಹಲವು ಪ್ರತಿಗಳಿರುತ್ತವೆ. ಹಾಗಾಗಿ ಅತಿ ಕಡಿಮೆ ರಕ್ತದಲ್ಲೂ ಸಿಗುತ್ತದೆ. ಓದಿದ ಅಕ್ಷರಗಳನ್ನು ಈಗಾಗಲೇ ಗೊತ್ತಿರುವ ಜಾತಿಗಳ ಜತೆ ಹೋಲಿಸಿ, ಯಾರು ಯಾರಿಗೆ ಎಷ್ಟು ಹತ್ತಿರ ಎಂದು ವಂಶವೃಕ್ಷ ಬರೆಯುತ್ತಾರೆ.

2013ರಲ್ಲಿ ಪಶ್ಚಿಮ ಆಫ್ರಿಕಾದಿಂದ ಬಂದ ಅಧ್ಯಯನ ಇದರಲ್ಲಿ ದೊಡ್ಡದು. 31 ಜಾತಿಯ 274 ಬಾವಲಿಗಳನ್ನು ನೋಡಿದರು. ನೂರಕ್ಕೆ 40ರಷ್ಟು ಬಾವಲಿಗಳಲ್ಲಿ ಮಲೇರಿಯಾ ಗುಂಪಿನ ಯಾವುದಾದರೊಂದು ಪರಾವಲಂಬಿ ಇತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಅಲ್ಲಿನ ಕೆಲವು ಬಾವಲಿಗಳಲ್ಲಿದ್ದ ಪ್ಲಾಸ್ಮೋಡಿಯಂ (ಮನುಷ್ಯರಿಗೆ ಮಲೇರಿಯಾ ತರುವುದೂ ಇದೇ ಕುಲದ ಪರಾವಲಂಬಿಗಳು), ಆಫ್ರಿಕಾದ ಪೊದೆ ಇಲಿಗಳ ಪ್ಲಾಸ್ಮೋಡಿಯಂಗೆ ತೀರಾ ಹತ್ತಿರದ್ದು. ಆ ಇಲಿಗಳಲ್ಲಿ 1948ರಲ್ಲಿ ಕಾಂಗೋದಲ್ಲಿ ಸಿಕ್ಕಿದ ಪ್ಲಾಸ್ಮೋಡಿಯಂ ಬರ್ಘೈ ಇವತ್ತು ಪ್ರಪಂಚದ ನೂರಾರು ಲ್ಯಾಬುಗಳಲ್ಲಿದೆ. ಮಲೇರಿಯಾ ಔಷಧಿ ಮತ್ತು ಲಸಿಕೆಯ ವಿಚಾರಗಳನ್ನು ಮೊದಲು ಪರೀಕ್ಷಿಸುವುದು ಅದರ ಮೇಲೆ. ಆ ಪರಾವಲಂಬಿಯ ವಂಶದ ಕತೆಯಲ್ಲಿ ಬಾವಲಿಯೂ ಇದೆ ಅನ್ನುವುದು ಗೊತ್ತಾದದ್ದು ಈ ಕೆಲಸದಿಂದ. ಕಾಡಿನ ಬಾವಲಿಯ ರಕ್ತ ಓದುವುದು ಯಾಕೆ ಬೇಕು ಎಂದು ಕೇಳುವವರಿಗೆ ನಾನು ಹೇಳುವ ಉತ್ತರ ಇದು.

ಆದರೆ ಜೀನ್ ಹೋಲಿಕೆ ಹೇಳುವುದು ಸಂಬಂಧವನ್ನು ಮಾತ್ರ. ಹರಡುವಿಕೆಯನ್ನು ಅಲ್ಲ. ನಿಮ್ಮೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಒಂದೇ ಬಳಿಯವರು, ಅಂದರೆ ಒಂದೇ ಕುಲದವರು, ಅಂದ ಮಾತ್ರಕ್ಕೆ ಒಂದೇ ಮನೆಯಲ್ಲಿ ಇರುವವರಲ್ಲ ಅಲ್ವಾ? ಮಲೇರಿಯಾ ಗುಂಪಿನ ಪರಾವಲಂಬಿಗಳೂ ಹಾಗೆಯೇ. ಹಲ್ಲಿಗಳಲ್ಲಿ, ಹಕ್ಕಿಗಳಲ್ಲಿ, ಕೋತಿಗಳಲ್ಲಿ, ಇಲಿಗಳಲ್ಲಿ, ಬಾವಲಿಗಳಲ್ಲಿ ಬೇರೆ ಬೇರೆ ಜಾತಿಗಳಿವೆ. ಒಂದೊಂದಕ್ಕೂ ಹೊಕ್ಕಲು ತಕ್ಕ ರಕ್ತಕಣ ಬೇಕು, ಅಡಗಲು ತಕ್ಕ ಅಂಗ ಬೇಕು, ಸಾಗಲು ತಕ್ಕ ಕೀಟ ಬೇಕು. ಇದರಲ್ಲಿ ಒಂದು ತಪ್ಪಿದರೂ ಸುತ್ತು ಮುಂದೆ ಹೋಗುವುದಿಲ್ಲ.

ನಿಮ್ಮ ಮರದಲ್ಲಿರುವುದು ಹಣ್ಣು ತಿನ್ನುವ ದೊಡ್ಡ ಬಾವಲಿ. ಆಫ್ರಿಕಾ ಮತ್ತು ಆಸ್ಟ್ರೇಲಿಯಾದ ಹಣ್ಣು ಬಾವಲಿಗಳಲ್ಲಿ ಹೆಚ್ಚಾಗಿ ಸಿಗುವುದು ಹೆಪಟೊಸಿಸ್ಟಿಸ್ ಎಂಬ ಪರಾವಲಂಬಿ. ದಕ್ಷಿಣ ಸುಡಾನಿನ ಒಂದು ಜಾತಿಯ ಹಣ್ಣು ಬಾವಲಿಗಳಲ್ಲಿ ಅದು ಅತಿ ಹೆಚ್ಚಾಗಿ ಕಂಡಿದೆ. ಇದು ಮನುಷ್ಯರ ಮಲೇರಿಯಾಕ್ಕಿಂತ ಒಂದು ದೊಡ್ಡ ವಿಷಯದಲ್ಲಿ ಬೇರೆ. ನಮ್ಮ ಮಲೇರಿಯಾ ಕೆಂಪು ರಕ್ತಕಣದೊಳಗೆ ಹೊಕ್ಕು, ಅಲ್ಲೇ ಮರಿಮಾಡಿ, ಕಣವನ್ನು ಒಡೆದು ಹೊರಬರುತ್ತದೆ. ಆ ಒಡೆಯುವ ಹೊತ್ತಿಗೇ ಚಳಿ ನಡುಕ, ಜ್ವರ. ಹೆಪಟೊಸಿಸ್ಟಿಸ್ ಹಾಗೆ ಮಾಡುವುದಿಲ್ಲ. ಅದು ಮರಿಮಾಡುವುದು ಯಕೃತ್ತಿನಲ್ಲಿ ಮಾತ್ರ. ರಕ್ತದಲ್ಲಿ ಕಾಣುವುದು ಕೀಟ ಬಂದು ಹೀರಲಿ ಎಂದು ಕಾಯುವ ಗಂಡು ಹೆಣ್ಣು ರೂಪಗಳಷ್ಟೇ. ಹಾಗೆ ಕಾದದ್ದನ್ನು ಒಯ್ಯುವುದೂ ಮಲೇರಿಯಾ ಸೊಳ್ಳೆಯಲ್ಲ. ಕೋತಿಗಳ ಹೆಪಟೊಸಿಸ್ಟಿಸ್ಸನ್ನು ಹರಡುವುದು ಸೊಳ್ಳೆಗಿಂತ ಎಷ್ಟೋ ಚಿಕ್ಕದಾದ, ಕ್ಯುಲಿಕಾಯ್ಡಿಸ್ ಜಾತಿಯ ಕಚ್ಚುವ ನೊರಜು ಎಂದು ಕೀನ್ಯಾದಲ್ಲಿ ಆರು ದಶಕಗಳ ಹಿಂದೆಯೇ ತೋರಿಸಿದ್ದಾರೆ.

ಇದರಲ್ಲೂ ಜೀನ್ ಓದಿದ್ದರಿಂದ ಒಂದು ಒಳ್ಳೆಯ ವಿಷಯ ಹೊರಬಂತು. ಉಗಾಂಡದ ಕೆಂಪು ಕೊಲೊಬಸ್ ಕೋತಿಯ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಲು ತೆಗೆದ ರಕ್ತದಲ್ಲಿ ಹೆಪಟೊಸಿಸ್ಟಿಸ್ಸೂ ಸೇರಿಕೊಂಡಿತ್ತು. ಕೋತಿಯ ಅಕ್ಷರಗಳನ್ನು ಬೇರ್ಪಡಿಸಿ, ಉಳಿದದ್ದರಿಂದ ಪರಾವಲಂಬಿಯ ಇಡೀ ಜೀನೋಮನ್ನೇ ಜೋಡಿಸಿ 2020ರಲ್ಲಿ ಪ್ರಕಟಿಸಿದರು. ಮಲೇರಿಯಾ ಪರಾವಲಂಬಿಗಳು ಎಳೆಯ ಕೆಂಪು ಕಣಗಳನ್ನು ಹಿಡಿದು ಹೊಕ್ಕಲು ಬಳಸುವ ಒಂದು ಜೀನ್ ಕುಟುಂಬ ಅದರಲ್ಲಿ ಇರಲೇ ಇಲ್ಲ. ರಕ್ತದಲ್ಲಿ ಮರಿಮಾಡುವುದನ್ನೇ ಬಿಟ್ಟ ಜೀವಿಗೆ ಆ ಸಾಮಾನು ಬೇಡವಾಗಿದೆ. ಸ್ಲೈಡಿನಲ್ಲಿ ದಶಕಗಳಿಂದ ಕಾಣುತ್ತಿದ್ದದ್ದಕ್ಕೆ ಜೀನಿನಲ್ಲಿ ಹೀಗೆ ಸಾಕ್ಷಿ ಸಿಕ್ಕಾಗ ನನ್ನಂಥವರಿಗೆ ಆಗುವ ಸಂತೋಷ ದೊಡ್ಡದು.

ಹುಳುಹುಪ್ಪಟೆ ತಿನ್ನುವ ಸಣ್ಣ ಬಾವಲಿಗಳಲ್ಲಿ ಪಾಲಿಕ್ರೊಮೊಫಿಲಸ್ ಎಂಬ ಇನ್ನೊಂದಿದೆ. ಡಿಯೋನಿಸಿ ನೋಡಿದ್ದು ಅದನ್ನೇ. ಅದನ್ನು ಸಾಗಿಸುವುದು ರೆಕ್ಕೆಯಿಲ್ಲದ, ಜೇಡದಂತೆ ಕಾಣುವ ಬಾವಲಿ ನೊಣ. ಆ ನೊಣ ಬದುಕಿಡೀ ಬಾವಲಿಯ ತುಪ್ಪಳದಲ್ಲೇ ಇರುತ್ತದೆ, ಮರಿ ಇಡಲು ಮಾತ್ರ ಕೆಳಗಿಳಿಯುತ್ತದೆ. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದವರು 2012ರಲ್ಲಿ ಹಲವು ಜೀನ್‌ಗಳನ್ನು ಓದಿ, ಪಾಲಿಕ್ರೊಮೊಫಿಲಸ್ಸಿನ ಸಂಬಂಧ ಹಕ್ಕಿ ಮತ್ತು ಸರೀಸೃಪಗಳ ಪರಾವಲಂಬಿಗಳ ಕಡೆಗಿರಬಹುದು ಎಂದರು. ಅಂದರೆ ಸಸ್ತನಿಗಳೊಳಗೆ ಈ ಗುಂಪು ಒಂದಕ್ಕಿಂತ ಹೆಚ್ಚು ಸಲ ಬಂದಿರಬಹುದು. ಇದು ಲಕ್ಷಾಂತರ ವರ್ಷಗಳ ಲೆಕ್ಕ. ನಿಮ್ಮ ತೋಟದ ಈ ಮಳೆಗಾಲದ ಲೆಕ್ಕವಲ್ಲ.

ಹಾಗಾದರೆ ಪ್ರಾಣಿಯ ಮಲೇರಿಯಾ ಮನುಷ್ಯನಿಗೆ ಬರುವುದೇ ಇಲ್ಲವಾ ಎಂದು ಮಗಳು ಕೇಳಬಹುದು. ಕೇಳಲಿ. ಬರುತ್ತದೆ. ಮಲೇಷ್ಯಾದ ಕಾಪಿಟ್ ಎಂಬಲ್ಲಿ ಮಲೇರಿಯಾ ಬಂದ 208 ಜನರ ರಕ್ತವನ್ನು ಪಿಸಿಆರ್ ಮಾಡಿದಾಗ 120 ಜನರಲ್ಲಿ ಕೋತಿಯ ಮಲೇರಿಯಾ, ಪ್ಲಾಸ್ಮೋಡಿಯಂ ನೊಲೆಸಿ ಸಿಕ್ಕಿತು. ಸ್ಲೈಡಿನಲ್ಲಿ ನೋಡಿದವರು ಅದನ್ನು ಮನುಷ್ಯರ ಇನ್ನೊಂದು ಮಲೇರಿಯಾ ಎಂದುಕೊಂಡಿದ್ದರು. ಇದು 2004ರಲ್ಲಿ ಪ್ರಕಟವಾಯಿತು. ಅತಿ ಅಪಾಯದ ಫಾಲ್ಸಿಪ್ಯಾರಂ ಮಲೇರಿಯಾವೇ ಮೂಲದಲ್ಲಿ ಗೊರಿಲ್ಲಾದಿಂದ ಬಂದದ್ದು. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ವಾನರಗಳ ಸುಮಾರು 3,000 ಲದ್ದಿ ಮಾದರಿಗಳ ಡಿಎನ್‌ಎ ನೋಡಿ 2010ರಲ್ಲಿ ಇದನ್ನು ಕಂಡುಹಿಡಿದರು. ಎರಡೂ ಕಡೆ ಗಮನಿಸಿ. ದಾಟಿ ಬಂದದ್ದು ನಮಗೆ ಹತ್ತಿರದ ಪ್ರಾಣಿಗಳಿಂದ, ಕೋತಿ ಮತ್ತು ಗೊರಿಲ್ಲಾಗಳಿಂದ. ಸಾಗಿಸಿದ್ದು ಮನುಷ್ಯನನ್ನೂ ಕಚ್ಚುವ ಅನಾಫಿಲಿಸ್ ಸೊಳ್ಳೆಗಳು. ಬಾವಲಿ ನಮಗೆ ಅಷ್ಟು ಹತ್ತಿರದ ಪ್ರಾಣಿಯಲ್ಲ. ಬಾವಲಿಯ ಮಲೇರಿಯಾ ಮನುಷ್ಯನಿಗೆ ಬಂದ ದಾಖಲೆ ಇಲ್ಲ.

ಬಾವಲಿ ರಕ್ತದಲ್ಲಿ ಸಿಗುವ ಇನ್ನೊಂದು ಗುಂಪು ಟ್ರಿಪನೊಸೋಮಗಳು ಎಂಬ ಏಕಕೋಶ ಪರಾವಲಂಬಿಗಳು. ದಕ್ಷಿಣ ಅಮೆರಿಕದ ಚಾಗಸ್ ಕಾಯಿಲೆಯ ಟ್ರಿಪನೊಸೋಮದ ಒಂದು ತಳಿ ಬಾವಲಿಗಳಲ್ಲಿದೆ, ಕೊಲಂಬಿಯಾದಲ್ಲಿ ಅದು ಮನುಷ್ಯರಲ್ಲೂ ಸಿಕ್ಕಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದು ಕಣ್ಣಿಗೆ ಬಿದ್ದು ಗಾಬರಿಯಾಗಬಹುದು, ಅದಕ್ಕೇ ಹೇಳುತ್ತಿದ್ದೇನೆ. ಚಾಗಸ್ ಅಮೆರಿಕ ಖಂಡದ ಕಾಯಿಲೆ, ಬಂಟ್ವಾಳದ್ದಲ್ಲ.

ಮರದ ವಿಷಯಕ್ಕೆ ಬರುತ್ತೇನೆ. ಕಡಿಸಿದರೆ ಮಲೇರಿಯಾ ಕಡಿಮೆಯಾಗುವುದಿಲ್ಲ, ಬೇರೆ ತೊಂದರೆ ಹೆಚ್ಚಾಗಬಹುದು. ಬಾವಲಿಗಳು ಊರು ಬಿಟ್ಟು ಹೋಗುವುದಿಲ್ಲ. ಪಕ್ಕದ ಮನೆಯ ಮಾವಿಗೋ ದೇವಸ್ಥಾನದ ಮರಕ್ಕೋ ಹೋಗುತ್ತವೆ. ಫೆಬ್ರವರಿಯಿಂದ ಮೇ ತನಕ ತಾಯಿಯ ಎದೆಗೆ ಅಂಟಿಕೊಂಡ ಮರಿಗಳಿರುತ್ತವೆ. ವರ್ಷಕ್ಕೆ ಒಂದೇ ಮರಿ. ಆಗ ಪಟಾಕಿ ಹೊಡೆದರೆ, ಹೊಗೆ ಹಾಕಿದರೆ ಮರಿಗಳು ಕೆಳಗೆ ಬೀಳುತ್ತವೆ. ಬಿದ್ದದ್ದನ್ನು ಮಕ್ಕಳು ಬರಿಗೈಯಲ್ಲಿ ಎತ್ತುತ್ತಾರೆ. ನನಗೆ ಭಯವಾಗುವುದು ಇದಕ್ಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1996ರಿಂದ 2020ರ ತನಕದ ಮಾಹಿತಿ ನೋಡಿದವರು, ಕಾಡು ಹೋಗಿ ಆಹಾರ ಸಿಗದ ಬಾವಲಿಗಳು ಜನರ ಹತ್ತಿರ ಬಂದಾಗಲೇ ಅವುಗಳಲ್ಲಿರುವ ಹೆಂಡ್ರ ವೈರಸ್ ಕುದುರೆಗಳಿಗೆ ದಾಟಿದ್ದು ಹೆಚ್ಚು ಎಂದು ತೋರಿಸಿದ್ದಾರೆ. ಮರ ಉಳಿಸಿ ಅನ್ನಲು ನನಗೆ ಬಾವಲಿಯ ಮೇಲಿನ ಪ್ರೀತಿಯೊಂದೇ ಕಾರಣವಲ್ಲ. ಕಾನೂನೂ ಇದೆ. ಹಣ್ಣು ಬಾವಲಿಗಳು ಮೊದಲು ಕಾಗೆ, ಇಲಿಗಳ ಜತೆ ಉಪದ್ರವದ ಪ್ರಾಣಿಗಳ ಪಟ್ಟಿಯಲ್ಲಿದ್ದವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದಿದ್ದಾರೆ. ಮರಕ್ಕೆ ಕೈ ಹಾಕುವ ಮೊದಲು ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಹಾಗಂತ ಬಾವಲಿಯಿಂದ ಏನೂ ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಅಪಾಯ ರಕ್ತದ ಪರಾವಲಂಬಿಯದ್ದಲ್ಲ, ಜೊಲ್ಲು, ಮೂತ್ರ, ಹಿಕ್ಕೆಯದ್ದು. 2018ರಲ್ಲಿ ಕೋಯಿಕ್ಕೋಡಿನಲ್ಲಿ ಜನರನ್ನು ಕೊಂದ ನಿಪಾ ವೈರಸ್ಸಿನ ನೆಲೆ ಇದೇ ದೊಡ್ಡ ಬಾವಲಿ. ಆದ್ದರಿಂದ ಬಾವಲಿ ಕಚ್ಚಿದ ಮಾವು, ಪೇರಳೆಯನ್ನು ಆ ಭಾಗ ಕತ್ತರಿಸಿ ತಿನ್ನುವ ಅಭ್ಯಾಸ ಬಿಡಿ, ಪೂರ್ತಿ ಎಸೆಯಿರಿ. ಮರದ ಹತ್ತಿರದ ಬಾವಿಗೆ ಬಲೆ ಹಾಕಿ. ಬಾವಲಿ ಚೀಪಿ ಬೀಳಿಸಿದ ಅಡಿಕೆ, ಗೇರುಬೀಜ ಹೆಕ್ಕುವಾಗ ಕೈಗವಸು ಇರಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹಿಕ್ಕೆ ಬಿದ್ದ ಜಾಗವನ್ನು ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಗುಡಿಸಿ. ಬಾವಲಿ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಕೇಳಿ. ಇಷ್ಟು ಮಾಡಿದರೆ ಆ ಮರದ ಜತೆ ಬದುಕಬಹುದು.

ಮಲೇರಿಯಾಕ್ಕೆ ಮಾಡಬೇಕಾದದ್ದು ತಾರಸಿಯ ಮೇಲಿದೆ. ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರುತ್ತದಾ ನೋಡಿ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ತಿಕ್ಕಿ ತೊಳೆಯಬೇಕು. ಬಾವಿಗೆ ಗಪ್ಪಿ ಮೀನು ಬಿಡಬಹುದು. ತೋಟದಲ್ಲಿ ಬಿದ್ದ ಹಾಳೆ, ರಬ್ಬರ್ ಚಿಪ್ಪುಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ಡೆಂಗ್ಯೂ ಸೊಳ್ಳೆ. ಅದನ್ನೂ ಬಿಡಬೇಡಿ. ಯಜಮಾನರು ಮಂಗಳೂರಿನಲ್ಲಿ ಉಳಿಯುವ ರಾತ್ರಿಗಳಲ್ಲಿ ಸೊಳ್ಳೆ ಪರದೆ ಕಟ್ಟಿಕೊಳ್ಳಲಿ.

ಕೊನೆಯ ಪ್ರಶ್ನೆ, ನಿಮ್ಮ ಮರದ ಬಾವಲಿಗಳ ರಕ್ತ ಪರೀಕ್ಷೆ. ನಿಮ್ಮ ಆರೋಗ್ಯಕ್ಕಾಗಿ ಮಾಡಿಸಬೇಡಿ. ಹೆಪಟೊಸಿಸ್ಟಿಸ್ ಇದೆ ಎಂದು ಬಂದರೂ, ಇಲ್ಲ ಎಂದು ಬಂದರೂ ನೀವು ಮಾಡಬೇಕಾದದ್ದು ಬದಲಾಗುವುದಿಲ್ಲ. ಮಗಳಿಗೆ ಓದಿನ ಆಸಕ್ತಿ ಇದ್ದರೆ ಅದು ಬೇರೆ ಮಾತು, ನನಗೆ ಖುಷಿಯ ಮಾತು. ನಮ್ಮ ಕಡೆಯ ಬಾವಲಿಗಳ ರಕ್ತವನ್ನು ಕೂತು ಓದುವವರು ಇನ್ನೂ ಬೇಕು. ಆದರೆ ಸ್ವಂತ ಬಲೆ ಕಟ್ಟಿ ಹಿಡಿಯುವ ಕೆಲಸ ಇದಲ್ಲ. ಅರಣ್ಯ ಇಲಾಖೆಯ ಅನುಮತಿ, ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ, ಪಳಗಿದ ಗೈಡ್, ಮುಂಚಿತವಾಗಿ ಹಾಕಿಸಿಕೊಂಡ ರೇಬೀಸ್ ಲಸಿಕೆ, ಮಾಸ್ಕ್, ಕೈಗವಸು, ಇಷ್ಟೂ ಬೇಕು. ಕೆಲಸಕ್ಕೆ ಇಳಿದರೆ ಒಂದೇ ಬಾವಲಿಯಿಂದ ಸ್ಲೈಡ್ ಮತ್ತು ಡಿಎನ್‌ಎ ಎರಡನ್ನೂ ತೆಗೆದುಕೊಳ್ಳಲಿ. ಪಿಸಿಆರ್ ಹೇಳುವುದು ಡಿಎನ್‌ಎ ತುಣುಕು ಇದೆ ಎಂದಷ್ಟೇ. ಪರಾವಲಂಬಿ ಬದುಕಿದೆಯಾ, ಯಾವ ಹಂತದಲ್ಲಿದೆ ಎಂದು ಹೇಳುವುದು ಸ್ಲೈಡ್. ಒಂದೇ ಬಾವಲಿಯಲ್ಲಿ ಎರಡು ಜಾತಿಗಳಿದ್ದರೆ ಪಿಸಿಆರ್ ಹೆಚ್ಚಿರುವುದನ್ನು ಮಾತ್ರ ತೋರಿಸಿ ಇನ್ನೊಂದನ್ನು ಬಿಡಬಹುದು. ಬಾವಲಿಯ ಮೈಮೇಲಿನ ನೊಣದಲ್ಲಿ ಪರಾವಲಂಬಿಯ ಡಿಎನ್‌ಎ ಸಿಕ್ಕಿತೆಂದು ಆ ನೊಣವೇ ಹರಡುತ್ತದೆ ಎಂದು ಬರೆಯಬಾರದು. ಅದು ಆಗಷ್ಟೇ ಕುಡಿದ ರಕ್ತದ್ದಿರಬಹುದು. ನೊಣದ ಜೊಲ್ಲುಗ್ರಂಥಿಯಲ್ಲಿ ಸ್ಪೋರೊಜೊಯಿಟ್, ಅಂದರೆ ಕಚ್ಚಿದಾಗ ಹೊಸ ಪ್ರಾಣಿಗೆ ದಾಟುವ ರೂಪ, ಕಂಡರೆ ಮಾತ್ರ ಆ ಮಾತಿಗೆ ಬಲ. ಕೆಲಸ ಶುರು ಮಾಡುವುದಾದರೆ ನನಗೆ ಬರೆಯಲು ಹೇಳಿ, ಸ್ಲೈಡ್ ಓದುವುದನ್ನು ಕಲಿಸಿಕೊಡುತ್ತೇನೆ.